ನಿತ್ಯ ಕೇಳಲು ಎಂಥ ಮ್ಯೂಸಿಕ್ ಪ್ಲೇಯರ್? ಹುಬ್ಬಳ್ಳಿ-ಧಾರವಾಡ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿನಲ್ಲಿ ಹಿಡಿಸುವ ಮ್ಯೂಸಿಕ್ ಪ್ಲೇಯರ್ ಕೊಳ್ಳುವಾಗ ಏನು ನೋಡಬೇಕೆಂದು ಸಂಗೀತದ ಬೈಠಕ್ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮತ್ತು ಪತ್ರಗಳಲ್ಲಿ ಹಲವರು ಕೇಳಿದ್ದಾರೆ. ಆ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿಯೇ ಇಟ್ಟು ಉತ್ತರಿಸಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರು ಹಿಂದುಸ್ತಾನಿ ಸಂಗೀತದ ಕೇಳುಗರಾದ್ದರಿಂದ ಉದಾಹರಣೆಗಳೂ ಅಲ್ಲಿಂದಲೇ ಬಂದಿವೆ. ಮೂರು ನಿಮಿಷದ ಸಿನಿಮಾ ಹಾಡು ಯಾವ ಯಂತ್ರದಲ್ಲಾದರೂ ಸಲೀಸಾಗಿ ಓಡುತ್ತದೆ. ಒಂದೂವರೆ ತಾಸಿನ ಕಛೇರಿಯನ್ನು ಕೊಟ್ಟಾಗ ಯಂತ್ರದ ಹಣೆಬರಹ ತಿಳಿಯುತ್ತದೆ.

## ಕೊಳ್ಳುವ ಮೊದಲು

ಕೈಯಾಗ ಮೊಬೈಲ್ ಇರೂವಾಗ ಬ್ಯಾರೆ ಪ್ಲೇಯರ್ ಯಾಕ ಬೇಕ್ರಿ?

ಎಲ್ಲರಿಗೂ ಬೇಕಿಲ್ಲ. ದಿನಕ್ಕೆ ಅರ್ಧ ತಾಸು, ಅದೂ ಆನ್‌ಲೈನಿನಲ್ಲಿ ಸಿಕ್ಕಿದ್ದನ್ನು ಕೇಳುವವರು ಹಣ ಉಳಿಸಿಕೊಳ್ಳುವುದು ಲೇಸು. ಆದರೆ ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ತಾಳದ ಮೊದಲ ಪೆಟ್ಟಾದ ಸಮ್ ಬರುವ ಹೊತ್ತಿಗೆ ಸರಿಯಾಗಿ ಸಾಲ ಬೇಕೇ ಎಂದು ಕೇಳುವವರ ಕರೆ ಬರುವುದು ಬೇಡವೆನ್ನುವವರಿಗೆ, ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆಯ ತನಕ ಚಾರ್ಜಿಂಗ್ ಸಿಗದವರಿಗೆ, ಮಕ್ಕಳ ಕೈಗೆ ಫೋನ್ ಕೊಡದೆ ಸಂಗೀತವನ್ನಷ್ಟೇ ಕೊಡಬೇಕೆನ್ನುವ ತಂದೆತಾಯಿಗಳಿಗೆ ಮತ್ತು ಪರದೆ ನೋಡದೆ ಗುಂಡಿ ತಡವಿ ನಡೆಸಬೇಕಾದವರಿಗೆ ಪ್ರತ್ಯೇಕ ಪ್ಲೇಯರ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಧ್ವನಿ ಚೆನ್ನಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಹೊರಟವರು ಮೊದಲು ಅದೇ ಹಣದಲ್ಲಿ ಒಳ್ಳೆಯ ಇಯರ್‌ಫೋನ್ ಕೊಂಡು ನೋಡಬೇಕು. ಕಿವಿಗೆ ಗೊತ್ತಾಗುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಯರ್‌ಫೋನಿನದೇ.

ಅಂಗಡ್ಯಾಗ ಅವರ ಹಾಡು ಹಾಕಿ ಕೇಳಿಸ್ತಾರ. ಅಷ್ಟ ಕೇಳಿ ತಗೊಂಡ್ರ ನಡೀತೈತೇನು?

ನಡೆಯುವುದಿಲ್ಲ. ಅಂಗಡಿಯವರು ಹಾಕುವುದು ಯಾವಾಗಲೂ ಗಟ್ಟಿ ದನಿಯ, ಜೋರು ತಾಳದ ಹಾಡು. ಕೊಪ್ಪಿಕರ್ ರಸ್ತೆಯ ಗದ್ದಲದಲ್ಲಿ ಅದರ ದೋಷ ಯಾರಿಗೂ ಕೇಳಿಸುವುದಿಲ್ಲ. ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ನಿಮ್ಮದೇ ಇಯರ್‌ಫೋನ್ ಒಯ್ಯಿರಿ. ನನ್ನ ಪರೀಕ್ಷೆಯ ಕಾರ್ಡಿನಲ್ಲಿ ಹಲವು ವರ್ಷಗಳಿಂದ ಅವೇ ಮುದ್ರಿಕೆಗಳಿವೆ. ತಂಬೂರಿಯೊಂದೇ ನುಡಿಯುತ್ತಿರುವ ಆಲಾಪದ ಆರಂಭ ಮೊದಲನೆಯದು. ದನಿ ಏರುವ ಮುನ್ನಿನ ಆ ಒಂದು ನಿಮಿಷದಲ್ಲಿ ಯಂತ್ರದ ಸ್ವಂತ 'ಸುಸ್' ಶಬ್ದವಿದ್ದರೆ ತಂಬೂರಿಯ ಹಿಂದೆ ಕುಳಿತು ತಾನೂ ಶ್ರುತಿ ಹಿಡಿದಂತೆ ಕೇಳಿಸುತ್ತದೆ. ಎರಡನೆಯದು ದ್ರುತ, ಅಂದರೆ ವೇಗದ ಲಯದ ತಬಲಾ. ಪೆಟ್ಟಿನ ಮೊನೆ ಮೊಂಡಾಗಿದೆಯೇ ಎಂದು ಅದರಲ್ಲಿ ತಿಳಿಯುತ್ತದೆ. ಮೂರನೆಯದು 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯಿಂದ ಇಳಿಸಿಕೊಂಡದ್ದು. ಹಳೆಯ ತಟ್ಟೆಯ ಚರಚರ ಸದ್ದನ್ನು ಕೆಲವು ಯಂತ್ರಗಳು ಹಾಡಿಗಿಂತ ಮುಂದೆ ತಂದು ನಿಲ್ಲಿಸುತ್ತವೆ. ಆಮೇಲೆ ಒಂದು ತಾಸಿಗೂ ಮೀರಿದ ಒಂಟಿ ಫೈಲ್, ಒಂದೇ ರಾಗವನ್ನು ಎರಡು ತುಂಡು ಮಾಡಿದ ಫೈಲುಗಳು ಮತ್ತು ಕನ್ನಡದಲ್ಲಿ ಹೆಸರಿಟ್ಟ ಒಂದು ಫೋಲ್ಡರ್.

ಇಷ್ಟನ್ನು ಕೇಳಲು ಹದಿನೈದು ನಿಮಿಷ ಸಾಕು. ಅದರಲ್ಲಿ ಐದು ನಿಮಿಷ ಯಂತ್ರವನ್ನು ಜೇಬಿನೊಳಗೇ ಇಟ್ಟು, ನೋಡದೆ ಹಾಡು ಬದಲಿಸಿ, ದನಿ ತಗ್ಗಿಸಿ, ನಿಲ್ಲಿಸಿ ನೋಡಿರಿ. ಉಣಕಲ್ ಕೆರೆಯ ಸುತ್ತ ನಡೆಯುವಾಗ ನೀವು ಮಾಡುವುದು ಅದನ್ನೇ. ಕಾರ್ಡ್ ಹಾಕಲು ಬಿಡುವುದಿಲ್ಲವೆನ್ನುವ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

32 ಜಿಬಿ ಒಳಗ ಎಷ್ಟು ತಾಸಿನ ಸಂಗೀತ ಹಿಡೀತೈತ್ರಿ?

ಕೆಬಿಪಿಎಸ್ ಎಂದರೆ ಬಿಟ್‌ರೇಟ್, ಒಂದು ಸೆಕೆಂಡಿನ ಹಾಡಿಗೆ ಬಳಸುವ ಮಾಹಿತಿಯ ಅಳತೆ. 128 ಕೆಬಿಪಿಎಸ್‌ನ ಎಂಪಿ3 ಒಂದು ತಾಸಿಗೆ ಸುಮಾರು 58 ಎಂಬಿ, 320 ಕೆಬಿಪಿಎಸ್‌ನದು ಸುಮಾರು 144 ಎಂಬಿ ತೆಗೆದುಕೊಳ್ಳುತ್ತದೆ. ಸಿಡಿಯಿಂದ ಹಾಗೆಯೇ ತೆಗೆದ ವೇವ್ ಫೈಲ್ ತಾಸಿಗೆ 635 ಎಂಬಿ. ಅದನ್ನೇ ಏನೂ ಕಳೆಯದೆ ಮಡಚಿದ ಫ್ಲ್ಯಾಕ್ ಸಾಮಾನ್ಯವಾಗಿ ಅದರ ಅರ್ಧದಿಂದ ಮೂರನೆಯ ಎರಡು ಪಾಲಿನ ನಡುವೆ ಇರುತ್ತದೆ. ಆದ್ದರಿಂದ 32 ಜಿಬಿಯಲ್ಲಿ 320ರ ಎಂಪಿ3 ಇನ್ನೂರು ತಾಸು, ಫ್ಲ್ಯಾಕ್ ತೊಂಬತ್ತು ತಾಸಿನಷ್ಟು ಹಿಡಿಸುತ್ತದೆ. ಕಂಪ್ಯೂಟರ್ ಅದೇ ಕಾರ್ಡನ್ನು 29.8 ಜಿಬಿ ಎಂದು ತೋರಿಸಿದರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತಾರೆ.

ಡಬ್ಬಿ ಮ್ಯಾಲೆ 20 ತಾಸು ಅಂತ ಬರದಿತ್ತು, ನನಗ 12 ತಾಸೂ ಬರಲಿಲ್ಲ. ಮೋಸ ಏನ್ರಿ?

ಮೋಸವೆಂದು ಈಗಲೇ ಹೇಳಲಾಗದು. ಪರದೆ ಆರಿಸಿ, ಸಾಧಾರಣ ದನಿಯಲ್ಲಿ, ವೈರಿನ ಇಯರ್‌ಫೋನ್ ಹಾಕಿ, ಎಂಪಿ3 ಓಡಿಸಿ ಅಳೆದ ಅಂಕಿ ಡಬ್ಬಿಯ ಮೇಲೆ ಇರುತ್ತದೆ. ಬ್ಲೂಟೂತ್ ಹಚ್ಚಿದರೆ, ಪರದೆ ಬೆಳಗುತ್ತಲೇ ಇದ್ದರೆ, ದೊಡ್ಡ ಫೈಲುಗಳನ್ನು ಓದಬೇಕಾದರೆ ಆ ಅಂಕಿ ಇಳಿಯುವುದು ಸಹಜ. ಕೊಂಡ ಮೊದಲ ವಾರದಲ್ಲಿಯೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಪೂರ್ತಿ ಚಾರ್ಜ್ ಮಾಡಿ ನೀವು ದಿನವೂ ಬಳಸುವ ರೀತಿಯಲ್ಲಿಯೇ ಬಳಸಿ ಸಮಯ ಬರೆದಿಡಿ. ಆ ಅಂಕಿಯನ್ನು ಜೋಪಾನ ಮಾಡಿದರೆ ಎರಡು ವರ್ಷದ ನಂತರ ಬ್ಯಾಟರಿ ಎಷ್ಟು ಸೊರಗಿದೆ ಎಂದು ಹೋಲಿಸಬಹುದು. ಲಿಥಿಯಂ ಬ್ಯಾಟರಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಮೊದಲಿನ ಶೇಕಡಾ 80ರ ಹತ್ತಿರಕ್ಕೆ ಇಳಿಯುವುದು ಸಾಮಾನ್ಯ.

ನಮ್ಮ ಅಜ್ಜಾಗ 80 ದಾಟೇತಿ, ಕಣ್ಣೂ ಮಂಜು. ಅವರಿಗೆ ಎಂಥಾದ್ದು ಕೊಡಸ್ಲಿ?

ಒಳ್ಳೆಯ ಪ್ಲೇಯರ್‌ಗಳೆಂದು ಹೆಸರಾದ ಹೆಚ್ಚಿನವು ಅಜ್ಜನಿಗೆ ಕೆಟ್ಟ ಪ್ಲೇಯರ್‌ಗಳು. ಚಿಕ್ಕ ಪರದೆ, ಒಂದೇ ಗುಂಡಿಗೆ ಮೂರು ಕೆಲಸ, ಒತ್ತಿ ಹಿಡಿದರೆ ಒಂದು ಅರ್ಥ, ಎರಡು ಸಲ ಒತ್ತಿದರೆ ಇನ್ನೊಂದು. ಅವರಿಗೆ ಬೇಕಾದದ್ದು ತಿರುಗಿಸುವ ವಾಲ್ಯೂಮ್, ಬೆರಳಿಗೆ ಸಿಗುವ ದೊಡ್ಡ ಗುಂಡಿ ಮತ್ತು ಸ್ಪೀಕರ್. ಸರೆಗಮದ ಕಾರವಾನ್ ಮಾದರಿಯ, ಹಾಡುಗಳನ್ನು ಮೊದಲೇ ತುಂಬಿದ ಪೆಟ್ಟಿಗೆಗಳು ಈ ಕಾರಣಕ್ಕೇ ಮನೆಮನೆಯಲ್ಲಿವೆ. ಆದರೆ ಅಜ್ಜ ಕೇಳುವುದು ಅದರಲ್ಲಿ ಇಲ್ಲದ ಭಜನೆ, ನಾಟ್ಯಗೀತೆಗಳಾದರೆ ಯುಎಸ್‌ಬಿ ಅಥವಾ ಕಾರ್ಡ್ ಹಾಕುವ ಜಾಗ ಇದೆಯೇ ಎಂದು ನೋಡಿರಿ. ಒಂದು ಕಿವಿ ಮಂದವಾಗಿದ್ದು ಇಯರ್‌ಫೋನ್ ಹಾಕುವವರಾದರೆ ಎರಡೂ ಕಡೆಯ ದನಿಯನ್ನು ಕೂಡಿಸಿ ಕೊಡುವ ಮೋನೋ ಸೆಟ್ಟಿಂಗ್ ಇರಲೇಬೇಕು. ಇಲ್ಲದಿದ್ದರೆ ಸ್ಟೀರಿಯೋ ಮುದ್ರಿಕೆಯಲ್ಲಿ ಒಂದು ಕಡೆಗೆ ಸರಿಸಿದ ತಬಲಾ ಅವರ ಪಾಲಿಗೆ ಇಲ್ಲವಾಗುತ್ತದೆ.

## ಬಳಸುತ್ತಿರುವಾಗ

ಕನ್ನಡದಾಗ ಹೆಸರು ಇಟ್ರ ಬರೇ ಚೌಕ ಚೌಕ ಕಾಣತಾವ. ಏನ್ ಮಾಡ್ಲಿ?

ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಯಂತ್ರದಲ್ಲಿ ಕನ್ನಡದ ಅಕ್ಷರವಿನ್ಯಾಸವೇ ಇಲ್ಲದಿದ್ದರೆ ಚೌಕಗಳು ಕಾಣುತ್ತವೆ. ಅದಕ್ಕೆ ನಮ್ಮ ಕೈಯಲ್ಲಿ ಪರಿಹಾರವಿಲ್ಲ, ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕಷ್ಟೆ. ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ದೋಷ ಫೈಲಿನದು: ಯೂನಿಕೋಡ್ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಬರೆದ ಹೆಸರು ಆ ಫಾಂಟ್ ಇಲ್ಲದ ಕಡೆ ಹಾಗೆ ಕಾಣುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಯೂನಿಕೋಡಿಗೆ ಬದಲಿಸಿ ಮತ್ತೆ ಬರೆದರೆ ಸರಿಹೋಗುತ್ತದೆ.

ಕನ್ನಡ ಕಂಡ ಮಾತ್ರಕ್ಕೆ ಸರಿಯಾಗಿ ಕಂಡಂತಲ್ಲ. ಒತ್ತಕ್ಷರವನ್ನು ಕೆಳಗೆ ಇಳಿಸಲಾಗದೆ ಹಲಂತ ಹಾಕಿ ಪಕ್ಕಕ್ಕೆ ಸಾಲು ನಿಲ್ಲಿಸುವ ಯಂತ್ರಗಳಿವೆ. ನಾನು 'ಶ್ರೀ' ಮತ್ತು 'ದುರ್ಗಾ' ಎಂಬ ಎರಡು ರಾಗಗಳ ಹೆಸರಿನಿಂದ ಪರೀಕ್ಷಿಸುತ್ತೇನೆ. ಒಂದರಲ್ಲಿ ಒತ್ತು, ಇನ್ನೊಂದರಲ್ಲಿ ಅರ್ಕಾವೊತ್ತು ಇದ್ದು, ಇವೆರಡು ಸರಿಯಾಗಿ ಮೂಡಿದರೆ ಉಳಿದದ್ದೂ ಬಹುತೇಕ ಸರಿಯಾಗಿರುತ್ತದೆ.

ಫೋಲ್ಡರಿನಾಗ ಸಾಲಾಗಿ ಇಟ್ಟೀನಿ, ಪ್ಲೇಯರ್ ತನಗ ತಿಳಿಧಂಗ ಹಾಡ್ತೈತಿ.

ಅಗ್ಗದ ಯಂತ್ರಗಳು ಅಕ್ಷರಕ್ರಮವನ್ನು ನೋಡುವುದಿಲ್ಲ, ಫೈಲುಗಳು ಕಾರ್ಡಿಗೆ ನಕಲಾದ ಕ್ರಮವನ್ನೇ ಹಿಡಿಯುತ್ತವೆ. ಹೆಸರಿನ ಮೊದಲು 01, 02 ಎಂದು ಬರೆದು, ಫೋಲ್ಡರನ್ನು ಒಮ್ಮೆ ಅಳಿಸಿ, ಒಂದಾದ ಮೇಲೊಂದರಂತೆ ಹೊಸದಾಗಿ ನಕಲು ಮಾಡಿರಿ.

ಅರ್ಧಕ್ಕ ಬಂದ್ ಮಾಡಿದ್ರ ಮತ್ತ ಮೊದಲಿಂದ ಶುರು ಆಗ್ತೈತಿ. ಇದು ಎಲ್ಲಾ ಪ್ಲೇಯರಿಗೂ ಹಿಂಗೇನು?

ಎಲ್ಲವೂ ಹಾಗಲ್ಲ, ಮತ್ತು ದಿನಬಳಕೆಯ ಪ್ಲೇಯರಿನಲ್ಲಿ ನಾನು ಧ್ವನಿಗಿಂತಲೂ ಮೊದಲು ನೋಡುವುದು ಇದನ್ನೇ. ಹುಬ್ಬಳ್ಳಿಯಲ್ಲಿ ಚಿಗರಿ ಹತ್ತಿ ಧಾರವಾಡದಲ್ಲಿ ಇಳಿಯುವಷ್ಟರಲ್ಲಿ 70 ನಿಮಿಷದ ದರಬಾರಿ ರಾಗ ಮುಗಿಯುವುದಿಲ್ಲ. ಸಂಜೆ ಮರಳುವಾಗ ಅದು ನಿಂತಲ್ಲಿಂದಲೇ ಮುಂದುವರಿಯಬೇಕು, ಮಧ್ಯಾಹ್ನ ಬೇರೆ ಏನನ್ನೋ ಕೇಳಿದ್ದರೂ ಆ ಜಾಗ ಅಳಿಸಿಹೋಗಬಾರದು. ಕೆಲವು ಯಂತ್ರಗಳು ಕೊನೆಯ ಒಂದು ಫೈಲಿನ ಜಾಗವನ್ನಷ್ಟೇ ನೆನಪಿಡುತ್ತವೆ. ಬುಕ್‌ಮಾರ್ಕ್ ಸೌಲಭ್ಯ ಇದ್ದರೆ ಪ್ರತಿ ಫೈಲಿಗೂ ಗುರುತು ಹಾಕಬಹುದು. ಇನ್ನು ಕೆಲವು ಯಂತ್ರಗಳು ಆಫ್ ಮಾಡಿದಾಗ ನೆನಪಿಡುತ್ತವೆ, ಬ್ಯಾಟರಿ ತಾನಾಗಿ ಮುಗಿದಾಗ ಮರೆಯುತ್ತವೆ. ಮುಂದಕ್ಕೆ ಓಡಿಸುವ ಗುಂಡಿಯನ್ನೂ ನೋಡಿರಿ: ಒತ್ತಿ ಹಿಡಿದಷ್ಟೂ ವೇಗ ಹೆಚ್ಚಬೇಕು. ಒಂದೇ ವೇಗದಲ್ಲಿ ತೆವಳುವ ಯಂತ್ರದಲ್ಲಿ 50ನೆಯ ನಿಮಿಷ ಮುಟ್ಟುವುದೆಂದರೆ ಎತ್ತಿನ ಬಂಡಿಯಲ್ಲಿ ಅಣ್ಣಿಗೇರಿಗೆ ಹೋದಂತೆ.

64 ಜಿಬಿ ಕಾರ್ಡ್ ಹಾಕಿದ್ರ ಓದವಲ್ದು. ಕಾರ್ಡ್ ಡುಪ್ಲಿಕೇಟ್ ಇರಬಹುದೇನು?

ಇರಬಹುದು, ಆದರೆ ಮೊದಲು ಸಂಶಯಿಸಬೇಕಾದದ್ದು ಕಾರ್ಡಿನ ಒಳಜೋಡಣೆಯನ್ನು. 32 ಜಿಬಿಯವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿಯೂ, 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿಯೂ ಬರುತ್ತವೆ. ಹಳೆಯ ಮತ್ತು ಅಗ್ಗದ ಪ್ಲೇಯರ್‌ಗಳಿಗೆ ಎರಡನೆಯದು ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಫ್ಯಾಟ್32ಕ್ಕೆ ಬದಲಿಸಿದರೆ ಅನೇಕ ಸಲ ಓದತೊಡಗುತ್ತದೆ. ಹಾಗೆ ಮಾಡಿದಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮತ್ತು ಆ ವ್ಯವಸ್ಥೆಯಲ್ಲಿ ಒಂದೊಂದು ಫೈಲೂ 4 ಜಿಬಿಯ ಒಳಗಿರಬೇಕು ಎಂಬುದು ನೆನಪಿರಲಿ.

ನಕಲಿ ಕಾರ್ಡಿನ ಲಕ್ಷಣ ಬೇರೆ. ಅದು 128 ಜಿಬಿ ಎಂದು ತೋರಿಸಿಕೊಳ್ಳುತ್ತದೆ, ಒಳಗೆ 8 ಜಿಬಿ ಇರುತ್ತದೆ, ತುಂಬಿದ ಮೇಲೆ ಹೊಸ ಹಾಡು ಹಳೆಯದರ ಮೇಲೆಯೇ ಕೂರುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ, ನಿಜವಾದ ಅಳತೆ ಹೇಳುತ್ತದೆ. ಇದೇ ಧಾರವಾಡದಲ್ಲಿ ಕೊಂಡ ಒಂದು ಕಾರ್ಡಿನಲ್ಲಿ ನಾನು ಎರಡು ವರ್ಷ ಕೂಡಿಟ್ಟ ಮುದ್ರಿಕೆಗಳನ್ನು ಕಳೆದುಕೊಂಡ ಮೇಲೆ ಈ ಪರೀಕ್ಷೆ ಮಾಡದೆ ಯಾವ ಕಾರ್ಡನ್ನೂ ಬಳಸಿಲ್ಲ.

ಫೋನಿನ ಚಾರ್ಜರ್ ಹಚ್ಚಿದ್ರ ಚಾರ್ಜ್ ಆಗವಲ್ದು, ಪಿನ್ ಅಂತೂ ಟೈಪ್-ಸಿ ಐತಿ.

ಎರಡೂ ತುದಿಗೆ ಟೈಪ್-ಸಿ ಇರುವ ಕೇಬಲ್ ಹಾಕಿರುತ್ತೀರಿ. ಅಂಥ ಚಾರ್ಜರ್, ಎದುರಿನ ಯಂತ್ರದಲ್ಲಿ ಒಂದು ಚಿಕ್ಕ ರೆಸಿಸ್ಟರ್ ಕಂಡ ಮೇಲೆಯೇ ವಿದ್ಯುತ್ ಬಿಡುತ್ತದೆ. ಕೆಲವು ತಯಾರಕರು ಅದನ್ನು ಹಾಕದೆ ನಾಲ್ಕಾಣೆ ಉಳಿಸುತ್ತಾರೆ. ಒಂದು ತುದಿಗೆ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಬಳಸಿದರೆ ಚಾರ್ಜ್ ಆಗುತ್ತದೆ.

ಎಫ್‌ಎಂ ಐತಿ ಅಂತ ತಗೊಂಡೆ, ಧಾರವಾಡ ಆಕಾಶವಾಣಿ ಮೀಡಿಯಂ ವೇವ್ ಸಿಗವಲ್ದು.

ಸಿಗುವುದಿಲ್ಲ. ಪ್ಲೇಯರಿನ ಚಿಪ್ ಎಫ್‌ಎಂ ತರಂಗವನ್ನು ಮಾತ್ರ ಹಿಡಿಯುತ್ತದೆ, ಅದೂ ಇಯರ್‌ಫೋನಿನ ವೈರನ್ನೇ ಆಂಟೆನಾ ಮಾಡಿಕೊಂಡು. ಬ್ಲೂಟೂತ್ ಇಯರ್‌ಫೋನ್ ಇದ್ದಾಗಲೂ ಒಂದು ವೈರ್ ಸಿಕ್ಕಿಸಿರಬೇಕು. 1950ರಿಂದ ಈ ಸೀಮೆಯ ಕಿವಿಗಳನ್ನು ಬೆಳೆಸಿದ ನಿಲಯದ ಮೀಡಿಯಂ ವೇವ್ ಪ್ರಸಾರ ಬೇಕೆಂದರೆ ಮನೆಯ ಟ್ರಾನ್ಸಿಸ್ಟರನ್ನು ಅಟ್ಟಕ್ಕೆ ಹಾಕಬೇಡಿ.

ಬ್ಯಾಡಗಿ ಮಾರ್ಕೆಟಿನಾಗ ನಮ್ಮ ಕೆಲಸ. ಧೂಳು, ಬಿಸಲು, ಮೆಣಸಿನಕಾಯಿ ಪುಡಿ. ತಡೀತೈತೇನ್ರಿ?

ಯಂತ್ರದ ಒಳಭಾಗ ತಡೆದೀತು, ಕಂಡಿಗಳು ತಡೆಯುವುದಿಲ್ಲ. ಇಯರ್‌ಫೋನ್ ಸಿಕ್ಕಿಸುವ ಕಂಡಿಯಲ್ಲಿ ಪುಡಿ ಕುಳಿತರೆ ಒಂದು ಕಡೆಯ ದನಿ ಬಂದು ಹೋಗಿ ಮಾಡುತ್ತದೆ. ರಬ್ಬರ್ ಮುಚ್ಚಳ ಹಾಕಿ, ಸಣ್ಣ ಒಣ ಬ್ರಷ್ಷಿನಿಂದ ಆಗಾಗ ಒರೆಸಿ. ಬಾಯಿಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು, ಏಪ್ರಿಲ್ ತಿಂಗಳಲ್ಲಿ ಮುಚ್ಚಿ ನಿಲ್ಲಿಸಿದ ವಾಹನದೊಳಗೆ ಆ ಮಟ್ಟ ಬೇಗ ದಾಟುತ್ತದೆ.

ಬಸ್ಸಿನಾಗ ಕೇಳಸವಲ್ದು ಅಂತ ಫುಲ್ ವಾಲ್ಯೂಮ್ ಇಡತೇನಿ. ಕಿವಿಗೆ ಧಕ್ಕಿ ಐತೇನು?

ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು, 90 ಡೆಸಿಬಲ್ ಆದರೆ 4 ತಾಸು ಮಾತ್ರ. 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. ಬಸ್ಸಿನ ಗದ್ದಲವನ್ನು ದನಿ ಏರಿಸಿ ಗೆಲ್ಲುವ ಬದಲು ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿ ಗದ್ದಲವನ್ನೇ ಹೊರಗಿಡುವುದು ಸರಿಯಾದ ದಾರಿ. ಬೈಕ್ ನಡೆಸುವಾಗ ಮಾತ್ರ ಯಾವ ಇಯರ್‌ಫೋನೂ ಬೇಡ.

## ಕಿವಿ ಪಳಗಿದವರ ಪ್ರಶ್ನೆಗಳು

ಎಂಪಿ3 ಸಾಕೋ, ಫ್ಲ್ಯಾಕ್ ಬೇಕೋ? 192 ಕಿಲೋಹರ್ಟ್ಸ್ ಹೈ-ರೆಸ್ ಬರೆದಿರುವ ಪ್ಲೇಯರ್‌ಗೆ ಹೆಚ್ಚು ಹಣ ಕೊಡಬೇಕೆ?

128 ಕೆಬಿಪಿಎಸ್ ಮತ್ತು 320ರ ನಡುವಿನ ಅಂತರವನ್ನು ತಂಬೂರಿ ಎತ್ತಿ ತೋರಿಸುತ್ತದೆ. ತಂತಿ ಕುದುರೆಗೆ ತಾಗಿ ಝೇಂಕರಿಸುವ ಜವಾರಿಯಿಂದ ಹೊಮ್ಮುವ ಮೇಲಿನ ಸ್ವರಗಳ ಹೊಳಹು ಕಡಿಮೆ ಬಿಟ್‌ರೇಟಿನಲ್ಲಿ ನೀರೊಳಗೆ ಅಲುಗಾಡಿದಂತೆ ಆಗುತ್ತದೆ. 320ಕ್ಕೆ ಬಂದ ಮೇಲೆ ಫ್ಲ್ಯಾಕ್‌ಗೂ ಅದಕ್ಕೂ ವ್ಯತ್ಯಾಸ ಹೇಳುವುದು ಬಸ್ಸಿನಲ್ಲಿ ಬಿಡಿ, ಶಾಂತವಾದ ಕೋಣೆಯಲ್ಲಿಯೂ ಕಷ್ಟ. ಆದರೂ ಮನೆಯ ಸಂಗ್ರಹವನ್ನು ಫ್ಲ್ಯಾಕ್‌ನಲ್ಲಿ ಇಟ್ಟು, ಜೇಬಿನ ಯಂತ್ರಕ್ಕೆ ಎಂಪಿ3 ಮಾಡಿಕೊಳ್ಳುವುದು ಜಾಣತನ, ಏಕೆಂದರೆ ಎಂಪಿ3ಯಲ್ಲಿ ಒಮ್ಮೆ ಕಳೆದದ್ದು ಮತ್ತೆ ಬರುವುದಿಲ್ಲ.

192 ಕಿಲೋಹರ್ಟ್ಸ್ ಎಂಬ ಅಂಕಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ದನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಸಿಡಿಯ 44.1 ಕಿಲೋಹರ್ಟ್ಸ್ ಅಳತೆಯೇ 22 ಕಿಲೋಹರ್ಟ್ಸ್‌ವರೆಗಿನ ಸ್ವರವನ್ನು ಹಿಡಿದಿಡುತ್ತದೆ, ಮನುಷ್ಯನ ಕಿವಿ ಹರೆಯದಲ್ಲಿಯೂ 20ರ ಆಚೆ ಕೇಳುವುದಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಅಥವಾ 1930ರ ದಶಕದ ಗಂಗೂಬಾಯಿ ಹಾನಗಲ್ಲರ ಮುದ್ರಿಕೆಗಳು ಮೂರು ಚಿಲ್ಲರೆ ನಿಮಿಷದ ತಟ್ಟೆಗಳಿಂದ ಬಂದವು. ಆ ತಟ್ಟೆಗಳಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ಹುಟ್ಟಿಸಲಾರದು.

ಇಯರ್‌ಫೋನ್ ಹಾಕಿದ್ ಕೂಡ್ಲೇ ಸಣ್ಣಗ 'ಸುಸ್' ಅಂತೈತಿ. ಇಯರ್‌ಫೋನಿಂದೋ, ಪ್ಲೇಯರಿಂದೋ?

ಹಾಡನ್ನು ನಿಲ್ಲಿಸಿ, ವಾಲ್ಯೂಮ್ ಸೊನ್ನೆಗೆ ಇಳಿಸಿ ಕೇಳಿರಿ. ಆಗಲೂ ಇದ್ದರೆ ಅದು ಪ್ಲೇಯರಿನ ಆಂಪ್ಲಿಫೈಯರಿನದು, ಮತ್ತು ಸೂಕ್ಷ್ಮವಾದ ಇಯರ್‌ಫೋನ್ ಅದನ್ನು ಮರೆಮಾಚದೆ ತೋರಿಸುತ್ತಿದೆ. ಹಾಡು ಓಡುವಾಗ ಮಾತ್ರ ಬಂದರೆ ಅದು ಮುದ್ರಿಕೆಯಲ್ಲಿಯೇ ಇರುವ ಟೇಪಿನ ಸದ್ದು. ಇದರ ಜೊತೆಗೆ ಪ್ಲೇಯರಿನ ಔಟ್‌ಪುಟ್ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಇಯರ್‌ಫೋನಿನ ಇಂಪಿಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿರಲಿ ಎಂಬುದು ರೂಢಿಯ ಸೂತ್ರ: 16 ಓಮಿನ ಇಯರ್‌ಫೋನಿಗೆ 2 ಓಮಿಗಿಂತ ಕಡಿಮೆ. ಅದು ಮೀರಿದರೆ ಕೆಲವು ಇಯರ್‌ಫೋನ್‌ಗಳಲ್ಲಿ ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದ ದನಿ ಉಬ್ಬಿ ಕೇಳಿಸುತ್ತದೆ.

ಒಂದ ರಾಗ ಎರಡ ಟ್ರ್ಯಾಕ್ ಐತಿ. ನಡಕ ಟಪ್ ಅಂತ ಕಡೀತೈತಿ.

ಎಂಪಿ3 ಮಾಡುವಾಗ ಫೈಲಿನ ಹಿಂದೆ ಮುಂದೆ ಕ್ಷಣದ ಒಂದು ಭಾಗದಷ್ಟು ಮೌನ ಸೇರಿಕೊಳ್ಳುತ್ತದೆ. ಗ್ಯಾಪ್‌ಲೆಸ್ ಎಂದು ಬರೆದಿರುವ ಪ್ಲೇಯರ್ ಅದನ್ನು ಕತ್ತರಿಸಿ ಜೋಡಿಸುತ್ತದೆ, ಉಳಿದವು ಜೋಡಿಸುವುದಿಲ್ಲ. ಎರಡು ಟ್ರ್ಯಾಕನ್ನು ಸಿಡಿಯಿಂದಲೇ ಒಂದೇ ಫೈಲಾಗಿ ತೆಗೆದರೆ ಯಾವ ಯಂತ್ರದಲ್ಲಿಯೂ ತೊಂದರೆಯಿಲ್ಲ.

ನನಗೆ ದೃಷ್ಟಿಯಿಲ್ಲ, ಗದಗಿನಲ್ಲಿ ಸಂಗೀತ ಕಲಿಯುತ್ತಿದ್ದೇನೆ. ನನಗೆ ಒಗ್ಗುವ ಪ್ಲೇಯರ್ ಇದೆಯೇ?

ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆ ಕಲಿತು ಕಲಿಸಿದ ಊರಿನಿಂದ ಈ ಪ್ರಶ್ನೆ ಹೆಚ್ಚಾಗಿ ಬರುವುದು ಸಹಜ. ಟಚ್ ಪರದೆಯ ಯಂತ್ರವನ್ನು ಬಿಟ್ಟುಬಿಡಿ. ಬೇರೆ ಬೇರೆ ಆಕಾರದ, ಉಬ್ಬಿದ ಗುಂಡಿಗಳಿರುವ ಯಂತ್ರ ಬೇಕು. ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಳೆಯ ಐಪಾಡ್ ಕ್ಲಾಸಿಕ್, ಸ್ಯಾನ್‌ಡಿಸ್ಕ್‌ನ ಸಾನ್ಸಾ ಕ್ಲಿಪ್ ಪ್ಲಸ್ ಮುಂತಾದ ಕೆಲವು ಮಾದರಿಗಳಿಗೆ ಹಾಕಬಹುದು, ಅದು ಮೆನುವನ್ನು ಓದಿ ಹೇಳುತ್ತದೆ. ಐಪಾಡ್‌ಗಳ ಮಾರಾಟವನ್ನು ಆಪಲ್ 2022ರಲ್ಲಿ ನಿಲ್ಲಿಸಿದ್ದರಿಂದ ಸಿಗುವುದೆಲ್ಲ ಬಳಸಿದ್ದೇ. ಹಿಂಬದಿಯ ತಗಡು ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ ಎಂದರ್ಥ, ಅದನ್ನು ಕೊಳ್ಳಬಾರದು. ಕೈಯಿಂದ ತಡವಿದರೂ ಈ ಉಬ್ಬು ತಿಳಿಯುತ್ತದೆ.

ಗುರುಗಳ ಹಳೆಯ ಟೇಪನ್ನು ಪ್ಲೇಯರಿನಲ್ಲಿ ಹಾಕಿ ರಿಯಾಜ್ ಮಾಡುತ್ತೇನೆ. ಅವರ ಷಡ್ಜ ಹಾರ್ಮೋನಿಯಂ ಪೆಟ್ಟಿಗೆಯ ಕರಿ ಒಂದು, ಪ್ಲೇಯರಿನಲ್ಲಿ ಏರಿ ಕೇಳಿಸುತ್ತದೆ. ಯಂತ್ರ ಕೆಟ್ಟಿದೆಯೆ?

ಡಿಜಿಟಲ್ ಪ್ಲೇಯರಿನಿಂದ ಶ್ರುತಿ ಅಷ್ಟು ಏರುವುದಿಲ್ಲ. ಟೇಪನ್ನು ಫೈಲಾಗಿ ಇಳಿಸಿಕೊಂಡಾಗ ಡೆಕ್ಕಿನ ವೇಗ ಹೆಚ್ಚಿದ್ದಿರಬೇಕು, ಇಲ್ಲವೇ ಮೊದಲು ಮುದ್ರಿಸಿದ ಯಂತ್ರವೇ ನಿಧಾನವಾಗಿ ಓಡಿರಬೇಕು. ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಅರ್ಧ ಸ್ವರ, ಅಂದರೆ ಹಾರ್ಮೋನಿಯಂನ ಒಂದು ಪಟ್ಟಿ ಏರಿಬಿಡುತ್ತದೆ. ಆರಂಭಕಾಲದ ತಟ್ಟೆಗಳ ಕಥೆಯೂ ಇದೇ. ಅವೆಲ್ಲವನ್ನೂ ಸರಿಯಾಗಿ 78ರ ವೇಗಕ್ಕೇ ಮುದ್ರಿಸುತ್ತಿರಲಿಲ್ಲ, 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಕಲಿಯುವವರು ಎರಡು ಸೌಲಭ್ಯಗಳನ್ನು ಕೇಳಿ ಕೊಳ್ಳಬೇಕು. ತಾನ್ ಎಂಬ ವೇಗದ ಸ್ವರಮಾಲೆಯ ಒಂದು ತುಣುಕಿನ ಆದಿ ಅಂತ್ಯ ಗುರುತಿಸಿ ಅದನ್ನೇ ಮತ್ತೆ ಮತ್ತೆ ಕೇಳಿಸುವ ಎ-ಬಿ ರಿಪೀಟ್ ಒಂದು. ಶ್ರುತಿ ಮತ್ತು ವೇಗಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೆಟ್ಟಿಂಗ್ ಇನ್ನೊಂದು. ವೇಗ ಬದಲಿಸಿದಾಗ ಶ್ರುತಿಯೂ ಜೊತೆಗೆ ಬದಲಾಗುವ ಸೆಟ್ಟಿಂಗ್ ನಿಮ್ಮ ಟೇಪಿನ ದೋಷ ತಿದ್ದಲು ಸರಿ, ತಾನನ್ನು ನಿಧಾನಿಸಿ ಕೇಳಲು ಸರಿಯಲ್ಲ. ಟೇಪಿನ ಆರಂಭದಲ್ಲಿ ಗುರುಗಳು ಪೆಟ್ಟಿಗೆಯ ಮೇಲೆ ಷಡ್ಜ ಹಿಡಿದಿದ್ದರೆ ಆ ಸ್ವರವನ್ನು ನಿಮ್ಮ ಪೆಟ್ಟಿಗೆಯ ಕರಿ ಒಂದಕ್ಕೆ ಹೊಂದಿಸಿ, ಎಷ್ಟು ಇಳಿಸಿದಿರಿ ಎಂಬುದನ್ನು ಫೈಲಿನ ಹೆಸರಿನಲ್ಲಿಯೇ ಬರೆದಿಡಿ. ತಿದ್ದಿದ್ದನ್ನು ಬೇರೆ ಪ್ರತಿಯಾಗಿ ಉಳಿಸಿ, ಮೊದಲು ಇಳಿಸಿಕೊಂಡ ಫೈಲನ್ನು ಮುಟ್ಟಬೇಡಿ.